ಶಿರಸಿಯ ಕಾಫಿಪುಡಿ ಅಂಗಡಿ: ಪುಡಿಗೆ ಪೂರ್ಣ ಅಂಕ, ಗೋಡೆಯ ಚರಿತ್ರೆಗೆ ಅರ್ಧ

ಕೊತ್ತಂಬರಿ, ಜೀರಿಗೆಯ ಕಷಾಯ ಕುಡಿದು ಬೆಳೆದ ಶಿರಸಿ ಸೀಮೆಯಲ್ಲಿ ಗಿರಾಕಿಯ ಕಣ್ಣೆದುರೇ ಕಾಫಿಬೀಜ ಹುರಿದು ಪುಡಿಮಾಡಿಕೊಡುವ ಅಂಗಡಿಯೊಂದು ನಡೆಯುತ್ತಿರುವುದೇ ಸಂತೋಷದ ಸಂಗತಿ. ಮಾಲೀಕರು ಪ್ರಚಾರ ಬಯಸದ ಕಾರಣ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಚಿಕ್ಕಮಗಳೂರಿನ ಅರೇಬಿಕಾಕ್ಕೆ ಕೊಡಗಿನ ರೊಬಸ್ಟಾ ಬೆರೆಸಿದ, ಚಿಕರಿಯಿಲ್ಲದ ಪುಡಿ ಇಲ್ಲಿ ಅತ್ಯುತ್ತಮವಾಗಿದೆ. ಇದರ ಡಿಕಾಕ್ಷನ್ ತೆಳುವಾಗಿ, ಕೆಂಪು ಛಾಯೆಯಲ್ಲಿ ಇಳಿಯುವುದನ್ನು ಕಂಡು ಹಲವರು ‘ಇದಕ್ಕೆ ಸ್ಟ್ರಾಂಗ್ ಇಲ್ಲ’ ಎಂದು ಚಿಕರಿ ಬೆರೆತದ್ದನ್ನೇ ಕೇಳುತ್ತಾರೆ. ಬಣ್ಣ ಮತ್ತು ಮಂದತನವನ್ನು ಕೊಡುವ ಚಿಕರಿ ಒಂದು ಗಿಡದ ಹುರಿದ ಬೇರಷ್ಟೇ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕಪ್ಪಗೆ ಹುರಿದಷ್ಟೂ ಕಾಫಿಗೆ ಶಕ್ತಿ ಹೆಚ್ಚೆಂಬುದೂ ಇಂಥದ್ದೇ ನಂಬಿಕೆ: ಹುರಿತದಿಂದ ಕಹಿ ಏರುತ್ತದೆಯೇ ಹೊರತು ಕೆಫೀನ್ ಏರುವುದಿಲ್ಲ, ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸರಿಸುಮಾರು ಎರಡು ಪಟ್ಟು ಕೆಫೀನ್ ಇರುವುದರಿಂದ ನಿಜವಾದ ವ್ಯತ್ಯಾಸ ಬೀಜದ ಜಾತಿಯಲ್ಲಿದೆ. ಮೇಲಾಗಿ ಚಿಕರಿ ತೇವವನ್ನು ಬೇಗ ಹೀರುತ್ತದೆ; ಆಷಾಢದ ಮಳೆಯಲ್ಲಿ ನಮ್ಮೂರ ಡಬ್ಬಿಗಳಲ್ಲಿ ಪುಡಿ ಗಟ್ಟಿಯಾಗುವುದಕ್ಕೆ ಅದೂ ಒಂದು ಕಾರಣ. ಮಿಶ್ರಣದಲ್ಲಿ ಶೇ. 49ರವರೆಗೆ ಚಿಕರಿ ಇರಲು ಕಾನೂನಿನ ಅನುಮತಿಯಿದೆ. ಇಲ್ಲಿ ಪ್ರಮಾಣವನ್ನು ಗಿರಾಕಿಯೇ ಹೇಳಿ ಬೆರೆಸಿಸಿಕೊಳ್ಳಬಹುದು.

ಗೋಡೆಗೆ ಹಾಕಿರುವ ಚಿತ್ರಫಲಕಗಳ ಬಗ್ಗೆ ಮಾತ್ರ ತಕರಾರಿದೆ. ಇಥಿಯೋಪಿಯಾದ ಮೇಕೆಗಳು ಕೆಂಪು ಹಣ್ಣು ತಿಂದು ಕುಣಿದ ಕತೆಯನ್ನು ಸಾವಿರ ವರ್ಷ ಹಿಂದಿನ ಚರಿತ್ರೆಯೆಂದೇ ಬರೆದಿದ್ದಾರೆ. ಆದರೆ ಈ ಬಗೆಯ ಕತೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1671ರಲ್ಲಿ, ರೋಮಿನಲ್ಲಿ ಫೌಸ್ಟಸ್ ನೈರಾನ್ ಪ್ರಕಟಿಸಿದ ಲ್ಯಾಟಿನ್ ಪುಸ್ತಕದಲ್ಲಿ. ಕಾಫಿ ಕುಡಿದದ್ದಕ್ಕೆ ನಂಬಬಹುದಾದ ಹಳೆಯ ಆಧಾರ ಸಿಗುವುದು ರಾತ್ರಿಯ ಧ್ಯಾನಕ್ಕೆ ಎಚ್ಚರವಾಗಿರಲು ಅದನ್ನು ಬಳಸಿದ 15ನೆಯ ಶತಮಾನದ ಯೆಮನ್‌ನ ಸೂಫಿಗಳಲ್ಲಿ. ಸೂಫಿ ಸಂತ ಬಾಬಾ ಬುಡನ್ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಚಂದ್ರಗಿರಿಯಲ್ಲಿ ಬಿತ್ತಿದರೆಂಬುದನ್ನು ‘ಐತಿಹ್ಯ’ ಎಂದು ಸರಿಯಾಗಿಯೇ ಗುರುತಿಸಿದವರು ಮೇಕೆಗಳಿಗೇಕೆ ಅಷ್ಟು ವಿನಾಯಿತಿ ಕೊಟ್ಟರೋ ತಿಳಿಯದು. ಟರ್ಕಿಯ ಫಲಕ ಚೆನ್ನಾಗಿದೆ: ಕುಡಿದ ಬಟ್ಟಲನ್ನು ತಟ್ಟೆಯ ಮೇಲೆ ಕವುಚಿ ಗಸಿಯ ಆಕಾರದಲ್ಲಿ ಭವಿಷ್ಯ ನೋಡುವುದು, ಹೆಣ್ಣು ನೋಡಲು ಬಂದ ಗಂಡಿಗೆ ಉಪ್ಪು ಹಾಕಿದ ಕಾಫಿ ಕೊಟ್ಟು ಸಹನೆ ಪರೀಕ್ಷಿಸುವುದು, ಎರಡೂ ಅಲ್ಲಿವೆ. (ಫಿಲ್ಟರ್ ಕಾಫಿಯಲ್ಲಿ ಗಸಿ ಉಳಿಯದ ಕಾರಣ ನಮ್ಮ ಜೋಯಿಸರಿಗೆ ಸ್ಪರ್ಧೆಯಿಲ್ಲ.)

ಬಿಟ್ಟುಹೋದ ಒಂದು ಪ್ರಸಂಗವನ್ನು ಸೇರಿಸಿದರೆ ಒಳ್ಳೆಯದು. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದಾಗ, ಅದು ಶೀತ ಮತ್ತು ಶುಷ್ಕ ಗುಣದ್ದೆಂದು ವೈದ್ಯರು ಸಾಕ್ಷಿ ನುಡಿದಿದ್ದರು. ನಮ್ಮಲ್ಲಿ ಹಿರಿಯರು ಅದೇ ಕಾಫಿಯನ್ನು ಉಷ್ಣ, ಪಿತ್ತ ಎಂದು ದೂರುತ್ತಾರೆ.

ಪೀಬೆರಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ದುಂಡಗಾದದ್ದು ಅದು. ಅದರಲ್ಲೇ ವಿಶೇಷ ಸತ್ವ ಅಡಗಿದೆಯೆಂಬ ಮಾತನ್ನು ಇಲ್ಲಿನ ರುಚಿ ಸಮರ್ಥಿಸುವುದಿಲ್ಲ. ಪೊಟ್ಟಣದ ಮೇಲೆ ಹುರಿದ ದಿನಾಂಕವನ್ನು ಬರೆಯದಿರುವುದು ಇನ್ನೊಂದು ಕೊರತೆ. ಕೇಳಿದರೆ ಬೇಸರಿಸದೆ ಹೇಳುತ್ತಾರೆ. ಆ ದಿನವೇ ಹುರಿದದ್ದನ್ನು ಕೇಳಿ ಕೊಳ್ಳುವುದು, ಮಳೆಗಾಲದಲ್ಲಿ ನೂರು ಗ್ರಾಂಗಿಂತ ಹೆಚ್ಚು ಕಟ್ಟಿಸಿಕೊಳ್ಳದಿರುವುದು ಲೇಸು.