ನಗಿಸುವ ಪಠ್ಯಪುಸ್ತಕ: ‘ಪ್ರೈಡ್ ಅಂಡ್ ಪ್ರೆಜುಡಿಸ್’, ಟಿಪ್ಪಣಿಗಳಿರುವ ಆವೃತ್ತಿ

ಮಗಳ ಬಿ.ಎ. ಪಠ್ಯವೆಂದು ತರಿಸಿದ ಪುಸ್ತಕ ಇದು. ಜೇನ್ ಆಸ್ಟಿನ್ ಅವರ ಈ ಕಾದಂಬರಿ 1813ರದ್ದು. ಎಲ್ಲರೂ ಪ್ರೇಮಕಥೆ ಅನ್ನುತ್ತಾರೆ. ರಾತ್ರಿ ಊಟವಾದ ಮೇಲೆ ಅವಳು ಗಟ್ಟಿಯಾಗಿ ಓದಿ ನಾನು ಕೇಳಿದ್ದರಿಂದಲೋ ಏನೋ, ನನಗಂತೂ ಮೊದಲು ಕಂಡದ್ದು ಇದರ ಹಾಸ್ಯ.

ಪಾದ್ರಿ ಕಾಲಿನ್ಸ್ ಬರುವವರೆಗೆ ಸ್ವಲ್ಪ ತಾಳ್ಮೆ ಬೇಕು. ಬಂದ ಮೇಲೆ ಪುಸ್ತಕ ಕೆಳಗಿಡಲಾಗುವುದಿಲ್ಲ. ಹೆಂಗಸರಿಗೆ ಹೇಳಬೇಕಾದ ಹೊಗಳಿಕೆಯನ್ನು ಮೊದಲೇ ಹೊಂದಿಸಿಟ್ಟುಕೊಂಡು, ಆಗಷ್ಟೇ ಹೊಳೆದಂತೆ ಹೇಳುವ ಆಸಾಮಿ ಅವನು. ತನಗೆ ಆಶ್ರಯ ಕೊಟ್ಟ ಲೇಡಿ ಕ್ಯಾಥರೀನ್ ಮನೆಯಲ್ಲಿ ಒಂದು ಅಗ್ಗಿಷ್ಟಿಕೆಯ ಚೌಕಟ್ಟಿಗೇ 800 ಪೌಂಡ್ ಬಿತ್ತು ಎಂದು ಕೊಚ್ಚಿಕೊಳ್ಳುತ್ತಾನೆ. ಬೆನೆಟ್ ಮನೆಯ ಮಗಳು, ಕಥಾನಾಯಕಿ ಎಲಿಜಬೆತ್‌ಳನ್ನು ಮದುವೆಗೆ ಕೇಳುವಾಗ ಕಾರಣಗಳನ್ನು ಒಂದು, ಎರಡು ಎಂದು ಎಣಿಸಿ ಒಪ್ಪಿಸುತ್ತಾನೆ. ಅವಳು ಎಷ್ಟು ಸಲ ಬೇಡವೆಂದರೂ ಹೆಣ್ಣುಮಕ್ಕಳು ಮೊದಲು ಹೀಗೆಯೇ ಅನ್ನುತ್ತಾರೆಂದು ಖುಷಿಯಾಗಿಯೇ ಇರುತ್ತಾನೆ. ಅವನನ್ನು ಮದುವೆಯಾಗದಿದ್ದರೆ ನಿನ್ನ ಮುಖ ನೋಡುವುದಿಲ್ಲ ಎಂದು ತಾಯಿ, ಮದುವೆಯಾದರೆ ನಾನು ನೋಡುವುದಿಲ್ಲ ಎಂದು ತಂದೆ! ಅಲ್ಲಿ ಮಗಳಿಗೆ ಮುಂದೆ ಓದಲಾಗದಷ್ಟು ನಗು.

ಆದರೆ ಈ ನಗುವಿನ ಬುಡದಲ್ಲೇ ಭಯವಿದೆ. ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಆಸ್ತಿ ಗಂಡಸರಿಗೇ ಹೋಗಬೇಕೆಂಬ ಕಟ್ಟಳೆಯಿಂದಾಗಿ, ತಂದೆ ಸತ್ತರೆ ಮನೆ, ಜಮೀನು ಎಲ್ಲ ಸಂಬಂಧಿಯಾದ ಇದೇ ಕಾಲಿನ್ಸ್‌ಗೆ. ಅಳಿಯಂದಿರನ್ನು ಹುಡುಕುತ್ತಾ ಬೊಬ್ಬೆ ಹೊಡೆಯುವ ತಾಯಿಯನ್ನು ನೋಡಿ ನಕ್ಕವಳು, ಇದು ಗೊತ್ತಾದ ಮೇಲೆ ಅವಳ ಪರ ನಿಂತೆ. ಹಾಯಾಗಿ ಕೊಂಕು ಮಾತಾಡಿಕೊಂಡು ಕೂತ ತಂದೆ ಹಣ ಕೂಡಿಡಲಿಲ್ಲವಲ್ಲ!

ನನ್ನ ಮಟ್ಟಿಗೆ ಇಡೀ ಪುಸ್ತಕದ ಅತಿ ಹರಿತವಾದ ಜಾಗ ಎಲಿಜಬೆತ್‌ಳ ಗೆಳತಿ ಷಾರ್ಲೆಟ್‌ಳದು. 27 ವರ್ಷ, ಕೈಯಲ್ಲಿ ಹಣವಿಲ್ಲ. ಗೊತ್ತಿದ್ದೇ ಕಾಲಿನ್ಸ್‌ನನ್ನು ಮದುವೆಯಾಗುತ್ತಾಳೆ. ಆಮೇಲೆ ತಾನು ಕೂರಲು ಮನೆಯ ಹಿಂಬದಿಯ, ಅಷ್ಟೇನೂ ಚೆನ್ನಾಗಿರದ ಕೋಣೆಯನ್ನು ಆರಿಸಿಕೊಳ್ಳುತ್ತಾಳೆ. ಕೋಣೆ ಚೆನ್ನಾಗಿದ್ದರೆ ಗಂಡ ಅಲ್ಲೇ ಬಂದು ಕೂತಾನು! ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಅವನನ್ನು ಹುರಿದುಂಬಿಸುತ್ತಾಳೆ. ನಕ್ಕೆವು, ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ಬೆನೆಟ್ ದಂಪತಿಯ ಕಿರಿಯ ಮಗಳು ಲಿಡಿಯಾ ಓಡಿಹೋದ ಮೇಲಿನ ಭಾಗದಲ್ಲಿ ಹಾಸ್ಯ ತೆಳುವಾಗುತ್ತದೆ. ಈ ಆವೃತ್ತಿಯ ಟಿಪ್ಪಣಿಗಳು ಆಸ್ತಿಯ ಕಟ್ಟಳೆ, ವರಮಾನ, ಗಾಡಿಗಳ ಬಗ್ಗೆ ಚೆನ್ನಾಗಿ ವಿವರಿಸುತ್ತವೆ. ಅಕ್ಷರ ಮಾತ್ರ ಸಣ್ಣದು, ನನ್ನ ವಯಸ್ಸಿನವರಿಗೆ ಕಷ್ಟ. ಮುನ್ನುಡಿ ಕಥೆಯನ್ನೆಲ್ಲ ಮೊದಲೇ ಬಿಟ್ಟುಕೊಡುತ್ತದೆ, ಅದನ್ನು ಕೊನೆಗೆ ಓದಿ. ಪರೀಕ್ಷೆಗೆ ಗೈಡ್ ಸಾಕೆನ್ನುವ ಮಕ್ಕಳು ಮನೆಯಲ್ಲಿದ್ದರೆ ಕಾಲಿನ್ಸ್ ಮದುವೆಗೆ ಕೇಳುವ 19ನೇ ಅಧ್ಯಾಯವನ್ನು ಅವರ ಮುಂದೆ ಗಟ್ಟಿಯಾಗಿ ಓದಿ ನೋಡಿ.