ಮಣ್ಣಿನ 3ಡಿ ಪ್ರಿಂಟಿಂಗ್: ನಾಲ್ಕು ಸ್ಟಾರ್, ಐದಲ್ಲ

ಬೆಂಗಳೂರಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ಜೇಡಿಮಣ್ಣಿನ ಕುಂಡಗಳು ಮತ್ತು ಒಂದು ಲ್ಯಾಂಪ್ ಶೇಡ್ ಪ್ರಿಂಟ್ ಮಾಡಿಸಿದೆ. ಕೆಲಸ ಚೆನ್ನಾಗಿದೆ. ಒಂದು ಸ್ಟಾರ್ ಕಿತ್ತುಕೊಂಡಿದ್ದು ಗೋಡೆ ಮೇಲಿನ 'ಶೂನ್ಯ ಕಾರ್ಬನ್' (ಅಂದರೆ ಇಲ್ಲಿನ ಕೆಲಸದಿಂದ ಇಂಗಾಲವೇ ಹೊರಬೀಳುವುದಿಲ್ಲ) ಅನ್ನುವ ಬೋರ್ಡಿಗೆ.

ಪ್ರಿಂಟರ್ ತಿನ್ನುವ ಕರೆಂಟ್ ಕಡಿಮೆಯೇ. ಕಲಸಿದ ಮಣ್ಣನ್ನು ಗಾಳಿಯ ಒತ್ತಡ ತಳ್ಳುತ್ತದೆ, ನಾಜಲ್ ಅದನ್ನು ಎಳೆ ಎಳೆಯಾಗಿ ಸುತ್ತುತ್ತಾ ಮೇಲೇರುತ್ತದೆ, ಚಕ್ಕುಲಿ ಒತ್ತಿದ ಹಾಗೆ. ಮಧ್ಯದಲ್ಲಿ ಕುಸಿದರೆ ನೀರಿಗೆ ಹಾಕಿ ಮತ್ತೆ ಕಲಸಿದರಾಯಿತು, ಮಣ್ಣು ದಂಡವಿಲ್ಲ. ಖರ್ಚೆಲ್ಲ ಇರೋದು ಸುಡುವುದರಲ್ಲಿ. ಸುಮಾರು 600 ಡಿಗ್ರಿ ದಾಟಿದ ಮೇಲೆ ಅದು ಮತ್ತೆ ಮೆತ್ತಗಿನ ಮಣ್ಣಾಗುವುದಿಲ್ಲ, ಗಟ್ಟಿಯಾಗಬೇಕಾದರೆ ಟೆರಾಕೋಟಾಗೂ 1000 ಡಿಗ್ರಿ ಆಸುಪಾಸು ಬೇಕು, ಸ್ಟೋನ್‌ವೇರ್ (ಕಲ್ಲಿನಂತೆ ಗಟ್ಟಿಯಾದ ಸೆರಾಮಿಕ್) ಅಂದರೆ 1200 ದಾಟಬೇಕು.

ಇವರು ಇಲ್ಲಿ ಜಾಣತನ ತೋರಿಸಿದ್ದಾರೆ. ಹಸಿ ಕುಂಡ ಒಣಗಿದ ಮೇಲೆ ಅದಕ್ಕೇ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚಿ ಒಂದೇ ಸಲ ಸುಡುತ್ತಾರೆ, ಬೇರೆ ಕಡೆ ಸಾಮಾನ್ಯವಾಗಿ ಎರಡು ಸಲ. ಕಿಲ್ನ್, ಅಂದರೆ ಸುಡುವ ಗೂಡು, ತುಂಬುವವರೆಗೂ ಹೊತ್ತಿಸುವುದಿಲ್ಲ, ಹಾಗಾಗಿ ನನ್ನ ಸಾಮಾನು ತಡವಾಯಿತು, ಅದಕ್ಕೆ ಬೇಜಾರಿಲ್ಲ. ಆದರೆ ಕಿಲ್ನ್ ಕರೆಂಟಿನದು. ಆ ಕರೆಂಟ್ ಶರಾವತಿಯ ನೀರಿನದೋ ರಾಯಚೂರಿನ ಕಲ್ಲಿದ್ದಲಿನದೋ ಅಂತ ಕೇಳಿದರೆ ಸುಮ್ನೆ ನಕ್ಕರು. ನಿಜವಾಗಿ ಸುಡದೆ ಬಿಟ್ಟವರೂ ಇದ್ದಾರೆ: ಇಟಲಿಯಲ್ಲಿ ವಾಸ್ಪ್ ಕಂಪನಿ 2021ರಲ್ಲಿ ಅಲ್ಲಿಯದೇ ಹಸಿ ಮಣ್ಣಿನಲ್ಲಿ ಟೆಕ್ಲಾ ಅನ್ನುವ ಮನೆಯನ್ನೇ ಪ್ರಿಂಟ್ ಮಾಡಿತು. ಅದು ಗೋಡೆಗೆ ಸರಿ, ದಿನಾ ನೀರು ಹಾಕುವ ಕುಂಡಕ್ಕೆ ಆಗೋಲ್ಲ.

'ಮುಂದೆ ಕೋಲ್ಡ್ ಸಿಂಟರಿಂಗ್ ಬರುತ್ತೆ' ಅಂತಲೂ ಸ್ಟುಡಿಯೋದವರು ಹೇಳಿದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರ ಈ ವಿಧಾನದಲ್ಲಿ 300 ಡಿಗ್ರಿಯೊಳಗೇ ಸೆರಾಮಿಕ್ ಪುಡಿ ಗಟ್ಟಿಯಾಗುವುದು ನಿಜ, ಆದರೆ ಅದಕ್ಕೆ ಜೋರಾದ ಒತ್ತಡವೂ ಬೇಕು. ಟೊಳ್ಳು ಕುಂಡವನ್ನು ಹಾಗೆ ಒತ್ತಿದರೆ ಚೂರೇ ಗತಿ, ಅಲ್ವಾ?

ಮಾಡಿಸುವವರಿಗೆ ಎರಡು ಮಾತು. ಒಣಗಿ ಸುಟ್ಟ ಮೇಲೆ ಸುಮಾರು ಶೇ 10 ಕುಗ್ಗುತ್ತದೆ, ಅಳತೆ ಜಾಸ್ತಿ ಕೊಡಿ. ಟೆರಾಕೋಟಾ ನೀರು ಕುಡಿಯುತ್ತದೆ, ಒಳಗೆ ಗ್ಲೇಜ್ ಇಲ್ಲದಿದ್ದರೆ ಕುಂಡದಡಿ ತಟ್ಟೆ ಇಡಿ. ಲ್ಯಾಂಪ್ ಶೇಡಿನ ಹೆಣಿಗೆಯಂಥ ಗೋಡೆ ಮಾತ್ರ ಅದ್ಭುತ, ಚಕ್ರದ ಮೇಲೆ ಅದು ಬರುವುದಿಲ್ಲ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬರೀ ದುಂಡನೆಯ ಕುಂಡ ಸಾಕು ಅನ್ನುವವರು ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ಗೆ ಹೋಗಿ, ಅಗ್ಗಕ್ಕೆ ಸಿಗುತ್ತದೆ.