ಹಗುರ ಸೂಪರ್ ಟೆಲಿಫೋಟೊ: ತೂಕ ಇಳಿಸಿದ್ದು ಎಲ್ಲಿಂದ?

ಹಕ್ಕಿ ಚಿತ್ರ ತೆಗೆಯುವವರು ನಾಲ್ಕು ಜನ ಸೇರಿದರೆ ಲೆನ್ಸ್ ಮಾತು ಬಂದೇ ಬರುತ್ತದೆ, ಬಂದರೆ ಅದು ಶಾರ್ಪ್‌ನೆಸ್ ಸುತ್ತಲೇ ಗಿರಕಿ ಹೊಡೆಯುತ್ತದೆ. ನನಗೆ ಮೊದಲ ಪ್ರಶ್ನೆ ತೂಕ. ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಬಿಚ್ಚಲು ಜಾಗವಿಲ್ಲ. ಗಣೇಶಗುಡಿಯ ಕಾಡುದಾರಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆಯುವಾಗ ಮೂರು ಕಿಲೋದ ಲೆನ್ಸ್ ಹೆಗಲ ಮೇಲಿರುತ್ತದೆಯೇ ಹೊರತು ಕಣ್ಣಿಗೆ ಬರುವುದಿಲ್ಲ. ಮಂಗಟ್ಟೆ ತಲೆ ಮೇಲೆ ಹಾದುಹೋಗುವುದು ಮೂರು ನಾಲ್ಕು ಸೆಕೆಂಡು. ಅಷ್ಟರಲ್ಲಿ ಕೈಗೆ ಬರುವ ಲೆನ್ಸ್ ಬೇಕು.

ನಾನು ಬಳಸುತ್ತಿರುವುದು ನಿಕಾನ್ 500 ಎಂಎಂ ಎಫ್/5.6 ಪಿಎಫ್, ಅಂದರೆ ಫೇಸ್ ಫ್ರೆನೆಲ್ ಎಂಬ ವಿಶೇಷ ಮಸೂರವಿರುವ ಲೆನ್ಸ್. ಅದರ ಜೊತೆಗೆ ಗೆಳೆಯರಿಂದ ಪಡೆದೋ ಬಾಡಿಗೆಗೆ ತಂದೋ ಸಿಗ್ಮಾ 500 ಎಂಎಂ ಎಫ್/5.6, ಕ್ಯಾನನ್ ಆರ್‌ಎಫ್ 600 ಎಂಎಂ ಎಫ್/11, ನಿಕಾನ್ ಝಡ್ 600 ಎಂಎಂ ಎಫ್/6.3 ಮತ್ತು ಝಡ್ 180-600 ಜೂಮ್ ಹಿಡಿದು ಇದೇ ಜಾಗಗಳಲ್ಲಿ ಓಡಾಡಿದ್ದೇನೆ. ಕ್ಯಾಮೆರಾ ಬಾಡಿಗಳು ಬೇರೆ ಬೇರೆಯಾದ್ದರಿಂದ ಫೋಕಸ್ ವೇಗವನ್ನು ಲೆನ್ಸ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಮೊದಲು ತೂಕದ ಲೆಕ್ಕ. ಫೋಕಲ್ ಲೆಂತನ್ನು, ಅಂದರೆ ಲೆನ್ಸಿನ ಹೆಸರಿನಲ್ಲಿರುವ ಎಂಎಂ ಅಂಕಿಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಂಡಿಯ ವ್ಯಾಸ ಸಿಗುತ್ತದೆ. 500 ಎಂಎಂ ಎಫ್/4 ಲೆನ್ಸಿಗೆ ಅದು 125 ಮಿ.ಮೀ., ಎಫ್/5.6 ಆದರೆ ಸುಮಾರು 89. ಆಕಾರ ಹಾಗೇ ಇದ್ದು ವ್ಯಾಸ ಕುಗ್ಗಿದರೆ ಗಾಜಿನ ತೂಕ ವ್ಯಾಸದ ಘನದ ಪ್ರಮಾಣದಲ್ಲಿ ಇಳಿಯುತ್ತದೆ. ಅಂದರೆ ಒಂದೇ ಒಂದು ಸ್ಟಾಪ್ (ಬೆಳಕು ಅರ್ಧವಾಗುವ ಒಂದು ಹೆಜ್ಜೆ) ಬಿಟ್ಟುಕೊಟ್ಟರೆ ಮುಂದಿನ ಗಾಜು ಮೂರನೇ ಒಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ನಿಕಾನಿನ ಫ್ಲೋರೈಟ್ ಇರುವ 500 ಎಫ್/4 ತೂಗುವುದು 3,090 ಗ್ರಾಂ, 500 ಪಿಎಫ್ 1,460 ಗ್ರಾಂ. 2018ರಲ್ಲಿ ಪಿಎಫ್ ಬಂದಾಗ ಈ ಇಳಿಕೆಯ ಶ್ರೇಯಸ್ಸನ್ನೆಲ್ಲ ಅದರೊಳಗಿನ ವಿಶೇಷ ಮಸೂರಕ್ಕೆ ಕೊಟ್ಟವರು ಬಹಳ. ಅದರಲ್ಲಿ ದೊಡ್ಡ ಪಾಲು ಎಫ್/4ನಿಂದ ಎಫ್/5.6ಕ್ಕೆ ಇಳಿದದ್ದರದು. 2024ರಲ್ಲಿ ಸಿಗ್ಮಾ ಇದನ್ನು ತೋರಿಸಿಯೇ ಕೊಟ್ಟಿತು. ಅದರ 500 ಎಫ್/5.6ರಲ್ಲಿ ಅಂಥ ಮಸೂರವೇ ಇಲ್ಲ, ತೂಕ 1,370 ಗ್ರಾಂ, ಉದ್ದವೂ ಪಿಎಫ್‌ನಷ್ಟೇ.

ಹಾಗಾದರೆ ಪಿಎಫ್ ಮಸೂರ ಮಾಡುವುದೇನು? ಟೆಲಿಫೋಟೊ ವಿನ್ಯಾಸದಲ್ಲಿ ಮುಂದಿನ ಪೀನ ಮಸೂರಗಳ ಗುಂಪು ಕಿರಣಗಳನ್ನು ಬಲವಾಗಿ ಒಳಕ್ಕೆ ಬಾಗಿಸುತ್ತದೆ, ಹಿಂದಿನ ನಿಮ್ನ ಮಸೂರಗಳ ಗುಂಪು ಆ ಬಾಗನ್ನು ಸ್ವಲ್ಪ ಸಡಿಲಿಸುತ್ತದೆ. ಇದರಿಂದ ಲೆನ್ಸಿನ ಉದ್ದ ಫೋಕಲ್ ಲೆಂತ್‌ಗಿಂತ ಕಡಿಮೆಯಾಗುತ್ತದೆ. 500 ಎಂಎಂ ಪಿಎಫ್ ಇರುವುದು 237 ಮಿ.ಮೀ. ಉದ್ದ. ಹೀಗೆ ಗಿಡ್ಡ ಮಾಡಲು ಹೊರಟಷ್ಟೂ ಮುಂದಿನ ಗುಂಪು ಹೆಚ್ಚು ಬಾಗಿಸಬೇಕು, ಬಾಗಿಸಿದಷ್ಟೂ ಬಣ್ಣಗಳು ಬೇರೆಯಾಗಿ ಬಿಳಿ ಗರಿಯ ಅಂಚಿನಲ್ಲಿ ನೇರಳೆಯೋ ಹಸಿರೋ ಗೆರೆ ಕಾಣಿಸಿಕೊಳ್ಳುತ್ತದೆ. ಮಾಮೂಲಿ ಮದ್ದೆಂದರೆ ಬಣ್ಣಗಳನ್ನು ಕಡಿಮೆ ಚದುರಿಸುವ ಫ್ಲೋರೈಟ್ ಅಥವಾ ‘ಇಡಿ’ ಗಾಜು, ಅದಕ್ಕೆ ಜೊತೆಯಾಗಿ ವಿರುದ್ಧ ಗುಣದ ಇನ್ನೊಂದು ಗಾಜು.

ಪಿಎಫ್‌ನ ದಾರಿ ಬೇರೆ. ಗಾಜಿನಲ್ಲಿ ವಕ್ರೀಭವನವಾದಾಗ ನೀಲಿ ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ. ವಿವರ್ತನೆಯಲ್ಲಿ, ಅಂದರೆ ಸಣ್ಣ ಅಂಚುಗಳನ್ನು ದಾಟುವಾಗ ಬೆಳಕಿನ ಅಲೆ ಬಾಗುವಾಗ, ಇದು ತಿರುಗುಮುರುಗು: ತರಂಗಾಂತರ ಉದ್ದವಾದಷ್ಟೂ ಬಾಗು ಹೆಚ್ಚು, ಆದ್ದರಿಂದ ಕೆಂಪೇ ಮುಂದು. ಮಸೂರದ ಒಂದು ಮೇಲ್ಮೈಯಲ್ಲಿ ಮೈಕ್ರೋಮೀಟರ್ ಲೆಕ್ಕದ ಎತ್ತರವಿರುವ ಏಕಕೇಂದ್ರ ಉಂಗುರಗಳನ್ನು ರೂಪಿಸಿದರೆ ಆ ಉಂಗುರಗಳು ಉಂಟುಮಾಡುವ ವರ್ಣದೋಷ, ಗಾಜು ಉಂಟುಮಾಡುವ ವರ್ಣದೋಷವನ್ನು ಹೊಡೆದುಹಾಕುತ್ತದೆ. ಅದಕ್ಕೆಂದೇ ಇಡಬೇಕಿದ್ದ ದಪ್ಪ ಗಾಜು ಬೇಡವಾಗುತ್ತದೆ. ಹೆಸರಿನಲ್ಲಿರುವ ಫ್ರೆನೆಲ್, 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಮೆಟ್ಟಿಲು ಮೆಟ್ಟಿಲಾದ ಮಸೂರ ಕೂರಿಸಿದ ವಿಜ್ಞಾನಿ. ಆ ಮಸೂರ ಮಾಡುತ್ತಿದ್ದುದು ಬರೀ ವಕ್ರೀಭವನ. ಕ್ಯಾಮೆರಾ ಲೆನ್ಸಿನಲ್ಲಿರುವುದು ಅಲೆಗಳ ಆಟ. ಕ್ಯಾನನ್ ಇದನ್ನೇ ಡಿಒ ಎಂದು ಕರೆದು 400 ಎಂಎಂ ಎಫ್/4 ಲೆನ್ಸಿನಲ್ಲಿ ನಿಕಾನ್‌ಗಿಂತ ಎಷ್ಟೋ ಮೊದಲೇ, 2001ರಲ್ಲಿ, ಮಾರುಕಟ್ಟೆಗೆ ತಂದಿತ್ತು.

ಪಿಎಫ್‌ನ ನಿಜವಾದ ಲಾಭ ಕಾಣಬೇಕಾದರೆ 500ರಿಂದ ಮೇಲಕ್ಕೆ ಹೋಗಬೇಕು. ನಿಕಾನ್ ಝಡ್ 800 ಎಂಎಂ ಎಫ್/6.3 ಪಿಎಫ್ ಲೆನ್ಸಿನ ಕಂಡಿ 127 ಮಿ.ಮೀ., ಹಳೆಯ 500 ಎಫ್/4ಕ್ಕಿಂತ ಕೂದಲೆಳೆ ದೊಡ್ಡದು. ಆದರೂ ತೂಕ 2,385 ಗ್ರಾಂ. ಕಂಡಿ ಅಷ್ಟೇ ಇದ್ದು ಏಳುನೂರು ಗ್ರಾಂ ಇಳಿದಿದೆ ಎಂದರೆ ಅದು ಅಪರ್ಚರ್ (ಕಂಡಿ) ಬಿಟ್ಟುಕೊಟ್ಟು ಪಡೆದದ್ದಲ್ಲ, ವಿನ್ಯಾಸದಿಂದಲೇ ಬಂದದ್ದು. ಇದರ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ.

ಈಗ ಬೆಲೆ ತೆರುವ ಜಾಗ. ರಂಗನತಿಟ್ಟಿನಲ್ಲಿ ದೋಣಿ ಒಂದು ನಡುಗಡ್ಡೆಯನ್ನು ಸುತ್ತಿ ಬರುವಾಗ ಬಿಸಿಲು ಎದುರಿಗೆ ಬರುತ್ತದೆ. ಬಂಡೆಯ ಮೇಲೆ ಚಮಚಕೊಕ್ಕು ನಿಂತಿದೆ, ಅದರ ಹಿಂದೆ ಕಾವೇರಿ ನೀರು ಪುಡಿಪುಡಿಯಾಗಿ ಹೊಳೆಯುತ್ತಿದೆ. ಆ ಹೊಳಪುಗಳು ಫೋಕಸ್ ತಪ್ಪಿದ ಬೆಳಕಿನ ಬಿಲ್ಲೆಗಳಾಗಿ ಬೀಳುತ್ತವೆ. ಸಿಗ್ಮಾದ ಚಿತ್ರದಲ್ಲಿ ಬಿಲ್ಲೆಗಳು ನುಣುಪಾಗಿದ್ದವು. ವಿವರ್ತನೆಯ ಲೆನ್ಸುಗಳಲ್ಲಿ, ಯಾವ ಕಂಪನಿಯದೇ ಇರಲಿ, ಬಿಲ್ಲೆಯನ್ನು ಹಿಗ್ಗಿಸಿ ನೋಡಿದರೆ ಒಳಗೆ ಈರುಳ್ಳಿ ಕೊಯ್ದಂತೆ ಉಂಗುರಗಳು. ಮಸೂರದ ಮೇಲಿನ ಉಂಗುರಗಳೇ ಅಲ್ಲಿ ಅಚ್ಚಾಗುವುದು. ಚೌಕಟ್ಟಿನೊಳಗೆ ತೀವ್ರ ಬೆಳಕಿನ ಮೂಲವೇ ಬಂದುಬಿಟ್ಟರೆ ಅದರ ಸುತ್ತ ಬಣ್ಣದ ಬಳೆಯಂಥ ಫ್ಲೇರ್ ಕೂಡ ಏಳಬಹುದು. ಇದು ಗುಟ್ಟಿನ ವಿಷಯವೇನಲ್ಲ, ನಿಕಾನ್ ತನ್ನ ಕ್ಯಾಪ್ಚರ್ ಎನ್‌ಎಕ್ಸ್-ಡಿ ತಂತ್ರಾಂಶದಲ್ಲಿ ಪಿಎಫ್ ಫ್ಲೇರ್ ತಗ್ಗಿಸಲೆಂದೇ ಒಂದು ಸೌಲಭ್ಯ ಕೊಟ್ಟಿತ್ತು.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ ಇದು: ಈ ದೋಷಕ್ಕಿರುವ ಕುಖ್ಯಾತಿ ಅದರ ನಿಜವಾದ ಗಾತ್ರಕ್ಕಿಂತ ದೊಡ್ಡದು. ಹಿನ್ನೆಲೆಯಲ್ಲಿ ಎಲೆ, ಮಣ್ಣು, ಆಕಾಶ ಇದ್ದಾಗ ಪಿಎಫ್ ಚಿತ್ರವನ್ನೂ ಸಿಗ್ಮಾ ಚಿತ್ರವನ್ನೂ ಪಕ್ಕದಲ್ಲಿಟ್ಟರೆ ನನಗೆ ಗುರುತು ಸಿಗುವುದಿಲ್ಲ. ಎದುರು ಬೆಳಕಿನಲ್ಲಿ ನೀರುಹಕ್ಕಿಗಳನ್ನೇ ಹೆಚ್ಚಾಗಿ ತೆಗೆಯುವವರಿಗೆ ಮಾತ್ರ ಸಿಗ್ಮಾ ಒಂದು ಕೈ ಮೇಲು. ಅದಕ್ಕೂ ಒಂದು ತಡೆಯಿದೆ. ಸಿಗ್ಮಾ ಹಾಕಬಹುದಾದ ಸೋನಿ ಬಾಡಿಗಳಲ್ಲಿ ಬೇರೆ ಕಂಪನಿಯ ಲೆನ್ಸಿಗೆ ಸೆಕೆಂಡಿಗೆ 15 ಚಿತ್ರಗಳ ಮಿತಿ, ಜೊತೆಗೆ ಸೋನಿ ಮೌಂಟಿನಲ್ಲಿ (ಲೆನ್ಸನ್ನು ಬಾಡಿಗೆ ಜೋಡಿಸುವ ಬಾಯಿ) ಸಿಗ್ಮಾಗೆ ಫೋಕಲ್ ಲೆಂತ್ ಹೆಚ್ಚಿಸುವ ಟೆಲಿಕನ್ವರ್ಟರ್ ಇಲ್ಲ. ನನ್ನ 500 ಪಿಎಫ್‌ಗೆ 1.4ರ ಕನ್ವರ್ಟರ್ ಹಾಕಿದರೆ 700 ಎಂಎಂ ಎಫ್/8 ಆಗುತ್ತದೆ, ಒಳ್ಳೆಯ ಬೆಳಕಿದ್ದರೆ ನಾನು ಅದನ್ನು ಸಂಕೋಚವಿಲ್ಲದೆ ಬಳಸುತ್ತೇನೆ. ಆದರೆ ಅದು ನಿಕಾನಿನ ಹಳೆಯ ಎಫ್ ಮೌಂಟಿನ ಲೆನ್ಸ್. ಮಿರರ್‌ಲೆಸ್ ಕ್ಯಾಮೆರಾಕ್ಕೆ ಕೂರಿಸಲು ಎಫ್‌ಟಿಝಡ್ ಅಡಾಪ್ಟರ್ ಬೇಕು, ಅದರ ನೂರಿಪ್ಪತ್ತೈದು ಗ್ರಾಂ ಸೇರಿಸಿದರೆ ತೂಕದಲ್ಲಿ ಮೊದಲೇ ಮುಂದಿರುವ ಸಿಗ್ಮಾ ಇನ್ನಷ್ಟು ಮುಂದೆ ಹೋಗುತ್ತದೆ.

ಕ್ಯಾನನ್ ಆರ್‌ಎಫ್ 600 ಎಫ್/11 ಬೇರೆಯೇ ಜಾತಿ. 2020ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 699 ಡಾಲರ್, ಅದೇ ಸಿಗ್ಮಾ ಬಂದದ್ದು 2,999ಕ್ಕೆ. ತೂಕ 930 ಗ್ರಾಂ. ಕೊಳವೆಯನ್ನು ಎಳೆದು ಲಾಕ್ ಮಾಡಿದ ಮೇಲೆ ಚಿತ್ರ ತೆಗೆಯಬೇಕು, ಮಡಿಸಿದರೆ 20 ಸೆಂ.ಮೀ. ಒಳಗೆ. ಕಂಡಿಯನ್ನು ಕುಗ್ಗಿಸುವ ಅಪರ್ಚರ್ ಅಲಗುಗಳೇ ಇಲ್ಲ, ಸದಾ ಎಫ್/11. ಇದರೊಳಗೂ ಡಿಒ ಮಸೂರ ಇದೆ, ಆದರೆ ತೂಕ ಇಳಿಸಿದ ನಿಜವಾದ ಕತ್ತರಿ 55 ಮಿ.ಮೀ.ನ ಕಂಡಿ. ಒಂದೇ ಜಾಗದಲ್ಲಿ ನಿಂತು ಒಂದೇ ಹಕ್ಕಿಯನ್ನು ತೆಗೆದರೆ ಆ ಹಕ್ಕಿಯಿಂದ 500 ಎಫ್/5.6 ಸಂಗ್ರಹಿಸುವ ಬೆಳಕು ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು. 500ರ ಚಿತ್ರವನ್ನು 600ರಷ್ಟಕ್ಕೆ ಕತ್ತರಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ಹಕ್ಕಿಯ ಪಾಲಿಗೆ ಲೆಕ್ಕಕ್ಕೆ ಬರುವುದು ಕಂಡಿಯ ವಿಸ್ತೀರ್ಣ.

ಈ ವ್ಯತ್ಯಾಸ ಗಣೇಶಗುಡಿಯ ನೀರ್ತೊಟ್ಟಿಗಳ ಮುಂದೆ ಕಣ್ಣಿಗೆ ರಾಚುತ್ತದೆ. ಮರಗಳ ನೆರಳಿನಲ್ಲಿ ಕಿತ್ತಳೆ ತಲೆಯ ನೆಲಸಿಳ್ಳಾರ ಮೀಯಲು ಬರುತ್ತದೆ. ರೆಕ್ಕೆ ಬಡಿದು ನೀರು ಚಿಮ್ಮಿಸುವ ಹೊತ್ತಿಗೆ ಶಟರ್ ವೇಗ ಬೇಕೇ ಬೇಕು. ಎಫ್/5.6ರಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 3200 ಸಾಕಾದ ಕಡೆ ಎಫ್/11ಕ್ಕೆ 12800 ಬೇಕು, ಗರಿಯ ಮೇಲಿನ ಸಣ್ಣ ಗೆರೆಗಳು ನಾಯ್ಸ್‌ನಲ್ಲಿ ಕರಗುತ್ತವೆ. ಇನ್ನೊಂದು ತೊಡಕು ದೂರದ್ದು. ಕ್ಯಾನನ್ 4.5 ಮೀಟರಿಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ, ಝಡ್ 600ಕ್ಕೆ 4 ಮೀಟರ್, ಸಿಗ್ಮಾಗೆ 3.2, ನನ್ನ 500ಕ್ಕೆ 3. ಇನ್ನು ಕ್ಯಾನನ್ ಆರ್6ನಂಥ ಬಾಡಿಯಲ್ಲಿ ಈ ಎಫ್/11 ಲೆನ್ಸಿಗೆ ಫೋಕಸ್ ಸಿಗುವುದು ಅಗಲದ ಶೇ 40, ಎತ್ತರದ ಶೇ 60ರಷ್ಟು ನಡುಭಾಗದಲ್ಲಿ ಮಾತ್ರ. ಮಳೆಹನಿ ತಡೆಯುವ ಸೀಲಿಂಗ್ ಕೂಡ ಇಲ್ಲ, ಮಲೆನಾಡಿಗೆ ಅದು ಸಣ್ಣ ಕೊರತೆಯಲ್ಲ.

ಹಾಗೆಂದು ಇದನ್ನು ಆಟಿಕೆ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಬಯಲುಸೀಮೆಯ ಹುಲ್ಲುಗಾವಲಿನಲ್ಲಿ, ಬೆಳಗಿನ ಹದವಾದ ಬಿಸಿಲಿನಲ್ಲಿ, ಬೇಲಿ ಮೇಲೆ ಕುಳಿತ ಹಕ್ಕಿಗೆ ಅದು ಕೊಡುವ ಚಿತ್ರ ಧಾರಾಳವಾಗಿ ಚೆನ್ನಾಗಿರುತ್ತದೆ. ಎಫ್/11ರಲ್ಲಿ ವಿವರ್ತನೆಯ ಮಸುಕಿನ ಚುಕ್ಕಿ ಸುಮಾರು 15 ಮೈಕ್ರೋಮೀಟರ್ ಅಗಲ. 20 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಅದು ಹೆಚ್ಚು ಕಾಡುವುದಿಲ್ಲ, 45 ಮೆಗಾಪಿಕ್ಸೆಲ್ ಇದ್ದರೆ ಆ ಹೆಚ್ಚುವರಿ ಪಿಕ್ಸೆಲ್‌ಗಳ ಲಾಭ ಬಹಳಷ್ಟು ಕರಗುತ್ತದೆ. ಕಾಲೇಜು ಹುಡುಗರು ಮೊದಲ 600 ಎಂಎಂ ಯಾವುದು ಕೊಳ್ಳಲಿ ಎಂದು ಕೇಳಿದರೆ ನಾನು ಈಗಲೂ ಈ ಹೆಸರು ಹೇಳುತ್ತೇನೆ. ಹಳೆಯ ಕನ್ನಡಿ ಲೆನ್ಸುಗಳು ಇದಕ್ಕಿಂತ ಗಿಡ್ಡವಾಗಿದ್ದವು ನಿಜ, ಆದರೆ ಹಿನ್ನೆಲೆಯ ಬೆಳಕನ್ನೆಲ್ಲ ಬಳೆ ಮಾಡಿ ಇಡುತ್ತಿದ್ದವು, ಮೇಲಾಗಿ ಹೆಚ್ಚಿನವುಗಳಲ್ಲಿ ಫೋಕಸ್ ಕೈಯಿಂದಲೇ.

ಝಡ್ 180-600 ಇವುಗಳ ಸಾಲಿಗೆ ಸೇರದು, 2,140 ಗ್ರಾಂ. ಜೂಮ್ ಮಾಡಿದರೂ ಕೊಳವೆ ಹೊರಗೆ ಚಾಚುವುದಿಲ್ಲ, ಹಿಡಿತದ ಸಮತೋಲ ಹಾಗೇ ಇರುತ್ತದೆ, 600ರಲ್ಲೂ 2.4 ಮೀಟರ್ ಹತ್ತಿರಕ್ಕೆ ಫೋಕಸ್ ಬರುತ್ತದೆ. ಕಬಿನಿಯ ಸಫಾರಿ ಜೀಪಿನಲ್ಲಿ ಆನೆ ಹತ್ತು ಅಡಿಯಲ್ಲಿ ನಿಂತಾಗ ಜೂಮ್ ಇಲ್ಲದ ಈ ಪ್ರೈಮ್ ಲೆನ್ಸುಗಳಲ್ಲಿ ಯಾವುದೂ ಕೆಲಸಕ್ಕೆ ಬಾರದು. ಜೀಪಿಗೆ ಇದೇ ಸರಿ. ನಡೆದು ಹೋಗುವ ಕಡೆ 500 ಪಿಎಫ್‌ಗಿಂತ ಹೆಚ್ಚಿರುವ ಸುಮಾರು ಏಳುನೂರು ಗ್ರಾಂ ಗಂಟೆ ಕಳೆದಂತೆ ತೋಳಿಗೆ ತಿಳಿಯುತ್ತದೆ. ಆಕಾಶದಲ್ಲಿ ಸುಳಿಯುವ ರೀವ ಹಕ್ಕಿಯನ್ನು ಹಿಂಬಾಲಿಸುವಾಗಲಂತೂ 500 ಪಿಎಫ್ ಹಿಡಿದ ಕೈ ಜೂಮ್ ಹಿಡಿದ ಕೈಗಿಂತ ಬೇಗ ತಿರುಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ.

ಇವತ್ತು ಹೊಸದಾಗಿ ಕೊಳ್ಳುವುದಾದರೆ, ನಿಕಾನ್ ಬಾಡಿ ಇದ್ದವರಿಗೆ ನನ್ನ ಮತ ಝಡ್ 600 ಎಫ್/6.3ಕ್ಕೆ. 1,470 ಗ್ರಾಂ, 95 ಮಿ.ಮೀ.ನ ಕಂಡಿ, ಅಡಾಪ್ಟರ್ ಬೇಡ. ಭಾರ ಬಾಡಿಯ ಕಡೆಗಿರುವುದರಿಂದ ಎಡಗೈಗೆ ಇನ್ನಷ್ಟು ಹಗುರ ಅನ್ನಿಸುತ್ತದೆ. ಸೋನಿ ಇದ್ದವರಿಗೆ ಸಿಗ್ಮಾ. ಬೆಲೆಯೇ ಮುಖ್ಯವಾದರೆ, ಸೆಕೆಂಡ್ ಹ್ಯಾಂಡ್ 500 ಪಿಎಫ್ ಇವತ್ತಿಗೂ ಗಟ್ಟಿ ಆಯ್ಕೆ. ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡುವುದು ಒಳ್ಳೆಯದು, ಆದರೆ ಮನೆಯ ತಾರಸಿಯಿಂದ ಎದುರು ಕಟ್ಟಡದ ಇಟ್ಟಿಗೆ ತೆಗೆದು ಶಾರ್ಪ್‌ನೆಸ್ ಅಳೆಯಬೇಡಿ. ಬಿಸಿಲೇರಿದ ಮೇಲೆ ನಡುವಿನ ಗಾಳಿಯೇ ನಡುಗುವುದರಿಂದ ಎಲ್ಲ ಲೆನ್ಸೂ ಮಂಕು. ಬೆಳಗ್ಗೆ ಬೇಗ ಒಂದು ಕೆರೆಗೆ ಹೋಗಿ, ಬೆಳಕಿಗೆ ಮುಖ ಮಾಡಿ ನಿಂತು, ಹೊಳೆಯುವ ನೀರನ್ನು ಹಿನ್ನೆಲೆಯಾಗಿಟ್ಟು ತೆಗೆಯಿರಿ. ಆಮೇಲೆ ಮರದ ನೆರಳಿಗೆ ಬಂದು 1/500 ಸೆಕೆಂಡಿನ ಶಟರ್ ವೇಗದಲ್ಲಿ ಐಎಸ್‌ಒ ಎಲ್ಲಿಗೆ ಏರುತ್ತದೆ ನೋಡಿ.